ಕೊಲಾಬಾದಿಂದ ಕರ್ಜತ್‌ವರೆಗೆ: ಮುಂಬಯಿಯ ಮಂಜನ್ನು ಅಳೆಯುವ ವಿದ್ಯೆ

ಮುಂಬಯಿಯ ಹವಾಮಾನದ ಮಾತು ಬಂದಾಗಲೆಲ್ಲ ಮುಂಗಾರಿನ ಮಳೆಯೇ ನೆನಪಾಗುತ್ತದೆಯಾದರೂ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವದಲ್ಲಿ ಕವಿಯುವ ಮಂಜನ್ನು ಮುಂಚಿತವಾಗಿ ಹೇಳುವ ಕೆಲಸ ಮಳೆಯ ಮುನ್ಸೂಚನೆಗಿಂತ ಸುಲಭವೇನಲ್ಲ. ಮುಂಗಾರಿನ ಮೋಡಗಳು ನೂರಾರು ಕಿಲೋಮೀಟರ್ ಹರಡಿಕೊಂಡು ಉಪಗ್ರಹದ ಚಿತ್ರದಲ್ಲಿ ಎದ್ದು ಕಾಣುತ್ತವೆ. ಮಂಜಾದರೋ ನೆಲಕ್ಕಂಟಿದ ತೆಳು ಪದರದಲ್ಲಿ ಹುಟ್ಟಿ, ಒಂದು ಕಣಿವೆಯನ್ನು ತುಂಬಿ, ಪಕ್ಕದ ದಿಬ್ಬವನ್ನು ಬಿಟ್ಟು, ಬಿಸಿಲೇರಿದ ಕೆಲವೇ ತಾಸಿನಲ್ಲಿ ಕರಗಿಹೋಗುತ್ತದೆ. ಇಷ್ಟು ಅಲ್ಪಾಯುಷಿಯೂ ಸ್ಥಳೀಯವೂ ಆದ ವಿದ್ಯಮಾನವನ್ನು ಹಿಡಿಯಲು ಆಯಾ ಸ್ಥಳದಲ್ಲೇ ದಿನವೂ ತಪ್ಪದೆ ಮಾಡಿದ ಅಳತೆ ಬೇಕಾಗುತ್ತದೆ. ಅಂಥ ಅಳತೆಯ ಪರಂಪರೆಯನ್ನು ಹಲವು ತಲೆಮಾರುಗಳಿಂದ ನಡೆಸಿಕೊಂಡು ಬಂದ ವೀಕ್ಷಣಾಲಯವೊಂದು ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿದೆ.

ಕೊಲಾಬಾ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ಸ್ಥಾಪಿಸಿದ್ದು ಖಗೋಳ ವೀಕ್ಷಣೆಗಾಗಿ ಮತ್ತು ಬಂದರಿನ ಹಡಗುಗಳಿಗೆ ಸರಿಯಾದ ಸಮಯ ತಿಳಿಸುವುದಕ್ಕಾಗಿ. 1841ರಿಂದ ಅಲ್ಲಿ ಭೂಕಾಂತತೆಯ ಮತ್ತು ಹವಾಮಾನದ ಅಳತೆಗಳು ಆರಂಭಗೊಂಡವು. 1896ರಲ್ಲಿ ನಾನಾಭಾಯಿ ಆರ್ದೇಶೀರ್ ಫ್ರಾಮ್‌ಜಿ ಮೂಸ್ ಅದರ ಮೊದಲ ಭಾರತೀಯ ನಿರ್ದೇಶಕರಾದರು. ನಗರದ ಟ್ರಾಮುಗಳು ಕುದುರೆಯನ್ನು ಬಿಟ್ಟು ವಿದ್ಯುತ್ತಿನಿಂದ ಓಡುವ ಕಾಲ ಸಮೀಪಿಸಿದಾಗ, ಆ ವಿದ್ಯುತ್ತು ಸೂಕ್ಷ್ಮ ಕಾಂತಮಾಪಕಗಳನ್ನು ಕದಡುವುದೆಂದು ಅರಿತು, 1904ರಲ್ಲಿ ಭೂಕಾಂತತೆಯ ವೀಕ್ಷಣೆಗಾಗಿ ಕೊಲ್ಲಿಯಾಚೆಯ ಅಲಿಬಾಗ್‌ನಲ್ಲಿ ಪ್ರತ್ಯೇಕ ಕೇಂದ್ರವನ್ನು ತೆರೆಯಲಾಯಿತು. ಅಳತೆಯ ಶುದ್ಧಿಗಾಗಿ ಜಾಗವನ್ನೇ ಬದಲಿಸಿದ ಈ ನಿಷ್ಠೆ ಸಂಸ್ಥೆಯ ಸ್ವಭಾವವನ್ನು ತೋರಿಸುತ್ತದೆ. ಹವಾಮಾನದ ವೀಕ್ಷಣೆ ಕೊಲಾಬಾದಲ್ಲೇ ಉಳಿಯಿತು. 1875ರಲ್ಲಿ ಹುಟ್ಟಿದ ಭಾರತ ಹವಾಮಾನ ಇಲಾಖೆಯ ಮುಂಬಯಿ ಪ್ರಾದೇಶಿಕ ಕೇಂದ್ರ ಇಂದಿಗೂ ಅಲ್ಲಿಂದಲೇ ಕೆಲಸ ಮಾಡುತ್ತಿದೆ.

ವೀಕ್ಷಕರ ದಿನಚರಿ ನೋಡುವುದಕ್ಕೆ ಸರಳ. ಬಿಸಿಲು ನೇರವಾಗಿ ತಾಗದಂತೆ, ಗಾಳಿ ಮಾತ್ರ ಆಡುವಂತೆ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಬಿಳಿಯ ಮರದ ಪೆಟ್ಟಿಗೆಯೊಂದು ಕಾಲುಗಳ ಮೇಲೆ ನಿಂತಿರುತ್ತದೆ; ಸ್ಟೀವನ್‌ಸನ್ ಪೆಟ್ಟಿಗೆಯೆಂದು ಕರೆಯುವ ಅದರೊಳಗೆ ನಾಲ್ಕು ತಾಪಮಾಪಕಗಳಿರುತ್ತವೆ. ಎರಡು ದಿನದ ಗರಿಷ್ಠ, ಕನಿಷ್ಠ ಉಷ್ಣತೆಯನ್ನು ಹಿಡಿದಿಟ್ಟರೆ, ಮೂರನೆಯದು ಆ ಹೊತ್ತಿನ ಗಾಳಿಯ ಉಷ್ಣತೆಯನ್ನು ಹೇಳುತ್ತದೆ. ನಾಲ್ಕನೆಯದರ ಬುರುಡೆಗೆ ಮಸ್ಲಿನ್ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿದ ಬತ್ತಿಯಿಂದ ಅದನ್ನು ಸದಾ ಒದ್ದೆಯಾಗಿಟ್ಟಿರುತ್ತಾರೆ. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಬೇಗ ಆವಿಯಾಗಿ ನಾಲ್ಕನೆಯದರ ಅಂಕ ಕೆಳಗಿಳಿಯುತ್ತದೆ. ಮೂರನೆಯ ಮತ್ತು ನಾಲ್ಕನೆಯ ತಾಪಮಾಪಕಗಳ ಅಂತರ ಕಿರಿದಾಗುತ್ತ ಬಂದರೆ ಗಾಳಿಯು ತೇವದಿಂದ ತುಂಬುತ್ತಿದೆಯೆಂದು ಅರ್ಥ. ಈ ಅಂತರದಿಂದಲೇ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯಲ್ಲಿನ ಆವಿ ಹನಿಗಟ್ಟಲು ತೊಡಗುವ ಉಷ್ಣತೆಯನ್ನು, ಲೆಕ್ಕ ಹಾಕುತ್ತಾರೆ. ಇದರ ಜೊತೆಗೆ ದೂರ ಮೊದಲೇ ಗೊತ್ತಿರುವ ಕಟ್ಟಡ, ಗುಡ್ಡ, ಚಿಮಣಿಗಳಲ್ಲಿ ಯಾವುದು ಕಾಣುತ್ತಿದೆ, ಯಾವುದು ಮರೆಯಾಗಿದೆ ಎಂದು ನೋಡಿ ಗೋಚರತೆಯನ್ನು ದಾಖಲಿಸುತ್ತಾರೆ. ಗೋಚರತೆ 1,000 ಮೀಟರಿಗಿಂತ ಕಡಿಮೆಯಾದಾಗಲೇ ಅದನ್ನು ಮಂಜೆನ್ನುವುದು. 200 ಮೀಟರಿಗಿಂತ ಕೆಳಗಿಳಿದರೆ ದಟ್ಟ ಮಂಜು.

ಆದರೆ ಒಂದೇ ಕೇಂದ್ರದ ಅಂಕ ಇಡೀ ನಗರದ ಅಂಕವಾಗಲಾರದು. 1962ರ ಜನವರಿ 22ರಂದು ಕೊಲಾಬಾದ ಕನಿಷ್ಠ ಉಷ್ಣತೆ 11.7 ಡಿಗ್ರಿ ಸೆಲ್ಸಿಯಸ್ ಇದ್ದರೆ, ಉಪನಗರದ ಸಾಂತಾಕ್ರೂಜ್ ಕೇಂದ್ರದಲ್ಲಿ ಅದು 7.4 ಡಿಗ್ರಿಗೆ ಇಳಿದಿತ್ತು. 2005ರ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಕಂಡಾಗ ಕೊಲಾಬಾದಲ್ಲಿ ಸುರಿದದ್ದು 75 ಮಿಲಿಮೀಟರಿಗಿಂತ ಕಡಿಮೆ. ರಾತ್ರಿಯಲ್ಲಿ ಕಡಲ ನೀರು ನೆಲದಷ್ಟು ಬೇಗ ತಣಿಯುವುದಿಲ್ಲವಾದ್ದರಿಂದ ಮೂರು ಕಡೆ ನೀರಿರುವ ಕೊಲಾಬಾ ಬೆಚ್ಚಗೆ ಉಳಿಯುತ್ತದೆ. ಒಳನಾಡಿಗೆ ಸರಿದಂತೆಲ್ಲ ಚಳಿಯೂ ಮಂಜಿನ ಸಾಧ್ಯತೆಯೂ ಹೆಚ್ಚುತ್ತವೆ.

ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಉಲ್ಹಾಸ್ ನದಿಯ ಕಣಿವೆಯಲ್ಲಿ. ಪಶ್ಚಿಮಕ್ಕೆ ಮಾಥೇರಾನ್ ಬೆಟ್ಟ, ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ, ನಡುವೆ ಕರ್ಜತ್, ನೇರಳ್, ಬದಲಾಪುರ. ಮೋಡವಿಲ್ಲದ ನಿಶ್ಚಲ ರಾತ್ರಿಯಲ್ಲಿ ನೆಲವು ಹಗಲಿನ ಶಾಖವನ್ನು ಆಕಾಶಕ್ಕೆ ಸೂಸಿ ತಣಿಯುತ್ತದೆ, ಇಳಿಜಾರಿನ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಹರಿದು ನಿಲ್ಲುತ್ತದೆ, ನದಿ ಮತ್ತು ಗದ್ದೆಗಳ ತೇವ ಅದಕ್ಕೆ ಸೇರಿ ಇಬ್ಬನಿ ಬಿಂದುವನ್ನು ಮುಟ್ಟುತ್ತಲೇ ಮಂಜು ಹುಟ್ಟುತ್ತದೆ. ಇದನ್ನು ವಿಕಿರಣ ಮಂಜು ಎನ್ನುತ್ತಾರೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ 100 ಕಿಲೋಮೀಟರ್ ದೂರದ ಕರ್ಜತ್‌ನಿಂದ ಮತ್ತು ಇನ್ನೂ ದೂರದ ಕಸಾರಾದಿಂದ ಹೊರಡುವ ಬೆಳಗಿನ ಲೋಕಲ್ ಗಾಡಿಗಳು ಇಂಥ ದಿನ ನಿಧಾನವಾದರೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಕಾದು ನಿಂತ ಸಾವಿರಾರು ಜನರ ದಿನದ ಲೆಕ್ಕವೇ ತಪ್ಪುತ್ತದೆ.

ನಗರದೊಳಗೆ ಮಂಜೆಂದು ಕಾಣುವುದು ಬಹುಪಾಲು ಹೊಗೆಮಂಜು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗಬೇಕು. ಚಳಿಗಾಲದ ರಾತ್ರಿಯಲ್ಲಿ ನೆಲದ ಬಳಿ ತಂಪು, ಮೇಲೆ ಬಿಸಿ ಎಂಬ ತಲೆಕೆಳಗಾದ ಸ್ಥಿತಿ ಉಂಟಾಗಿ, ವಾಹನದ ಹೊಗೆ, ಕಟ್ಟಡ ಕಾಮಗಾರಿಯ ಧೂಳು ಮೇಲೇಳದೆ ಉಳಿದುಬಿಡುತ್ತವೆ. ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಹಗಲೇರಿದ ಮೇಲೆ ಕಡಲಗಾಳಿ ಬೀಸಿ ಈ ಮಬ್ಬನ್ನು ಚದುರಿಸುವುದು ವಾಡಿಕೆ; ಪೂರ್ವದ ಭೂಗಾಳಿ ಬಲವಾಗಿದ್ದರೆ ಕಡಲಗಾಳಿ ತಡವಾಗುತ್ತದೆ, ಮಬ್ಬೂ ಉಳಿಯುತ್ತದೆ, ಮಧ್ಯಾಹ್ನದ ಸೆಕೆಯೂ ಏರುತ್ತದೆ. ಆದ್ದರಿಂದ ಕಡಲಗಾಳಿ ಎಷ್ಟು ಗಂಟೆಗೆ ತಿರುಗೀತು ಎಂಬುದೇ ಮುಂಬಯಿಯ ಚಳಿಗಾಲದ ಮುನ್ಸೂಚಕರ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕುವ ಸಾಧನಗಳಲ್ಲಿ ಕನ್ನಡ ನಾಡಿನ ಪಾಲೂ ಇದೆ. ಉಷ್ಣತೆ, ಒತ್ತಡ, ತೇವಗಳನ್ನು ರೇಡಿಯೊ ಮೂಲಕ ತಿಳಿಸುವ ಉಪಕರಣ ಹೊತ್ತು ಬೆಳಗಿನ ಹೊತ್ತು ಮೇಲೇರುವ ಬಲೂನು ವಿಲೋಮದ ಎತ್ತರವನ್ನು ತೋರಿಸುತ್ತದೆ. ರಾತ್ರಿಯ ಮಂಜನ್ನು ಎರಡು ಬಗೆಯ ಅವಕೆಂಪು ಚಿತ್ರಗಳ ವ್ಯತ್ಯಾಸದಿಂದ ಗುರುತಿಸುವ ಇನ್ಸಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರವಿರುವುದು ಹಾಸನದಲ್ಲಿ. ರನ್‌ವೇಯ ಬದಿಯಲ್ಲಿ ಬೆಳಕಿನ ಕಿರಣವೊಂದು ಮಂಜಿನ ಮೂಲಕ ಎಷ್ಟು ಕುಂದಿ ತಲುಪುತ್ತದೆಂದು ಅಳೆದು ಗೋಚರತೆಯನ್ನು ಹೇಳುವ ‘ದೃಷ್ಟಿ’ ಎಂಬ ದೇಶೀ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಅದು ಬಳಕೆಯಲ್ಲಿದೆ. ಕೊಲಾಬಾದ ಡಾಪ್ಲರ್ ರಾಡಾರಿಗೆ ಜೊತೆಯಾಗಿ 2022ರಲ್ಲಿ ವೆರಾವಲಿಯಲ್ಲಿ ಇನ್ನೊಂದು ಬಂದಿತಾದರೂ, ಮಳೆಹನಿಯನ್ನು ಚೆನ್ನಾಗಿ ಕಾಣುವ ಈ ರಾಡಾರುಗಳು ನೆಲಕ್ಕಂಟಿದ ಮಂಜಿನ ಅತಿ ಸಣ್ಣ ಹನಿಗಳನ್ನು ಹಾಗೆ ಕಾಣಲಾರವು.

ಹವಾಮಾನದ ಲಯವೂ ಬದಲಾಗುತ್ತಿದೆ. 2021ರ ಡಿಸೆಂಬರ್ ಆರಂಭದಲ್ಲಿ ನಗರಕ್ಕೆ ಅಕಾಲಿಕ ಮಳೆ ಬಂತು. 2022ರ ಜನವರಿಯಲ್ಲಿ ವಾಯವ್ಯದ ಮರುಭೂಮಿಯ ಧೂಳು ತೇಲಿಬಂದು ಆಕಾಶ ಮಸುಕಾಯಿತು. 2022–23ರ ಚಳಿಗಾಲದಲ್ಲಿ ಮುಂಬಯಿಯ ಗಾಳಿ ಅಸಾಮಾನ್ಯವಾಗಿ ಕೆಟ್ಟದ್ದಕ್ಕೂ ಪೆಸಿಫಿಕ್ ಸಾಗರದ ನೀರು ತಣಿಯುವ ಲಾ ನಿನಾ ಸ್ಥಿತಿಗೂ ನಂಟಿದೆಯೆಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಹಳೆಯ ಅನುಭವವೊಂದನ್ನೇ ನೆಚ್ಚಿ ನಾಳೆಯನ್ನು ಹೇಳುವಂತಿಲ್ಲದ ಇಂಥ ಕಾಲದಲ್ಲಿ ಹಳೆಯ ದಾಖಲೆ ಇನ್ನಷ್ಟು ಅಮೂಲ್ಯವಾಗುತ್ತದೆ, ಏಕೆಂದರೆ ಯಾವುದು ಬದಲಾಗಿದೆ ಎಂಬುದನ್ನು ಅಳೆಯಲು ಬೇರೆ ಅಳತೆಗೋಲಿಲ್ಲ. ಕೊಲಾಬಾಕ್ಕೆ ಅಂಥ ದಾಖಲೆಯಿದೆ. ನಗರದ ಜನವಸತಿ ವೇಗವಾಗಿ ಸರಿಯುತ್ತಿರುವ ಬದಲಾಪುರ, ಕರ್ಜತ್‌ಗಳ ಕಣಿವೆಗೆ ಅಷ್ಟು ದೀರ್ಘವಾದ ದಾಖಲೆಯಿಲ್ಲ. ಅಲ್ಲಿಯೂ ಒದ್ದೆಬಟ್ಟೆಯ ತಾಪಮಾಪಕವನ್ನು ತಪ್ಪದೆ ಓದುವ, ಗೋಚರತೆಯನ್ನು ತಪ್ಪದೆ ಬರೆದಿಡುವ ಕೆಲಸ ಇಂದಿನಿಂದಲೇ ಬೇರೂರಿದರೆ, ಮುಂದಿನ ತಲೆಮಾರಿನ ಮುನ್ಸೂಚಕರು ಕಣಿವೆಯ ಮಂಜನ್ನು ಕರಾವಳಿಯ ಅಂಕಗಳಿಂದ ಊಹಿಸುವ ಕಷ್ಟ ತಪ್ಪುತ್ತದೆ.