ಗಡ್ಡೆಯ ಬಿಸಿಲಿಗೊಂದು ಹೊಸ ಹೂ

ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕದ ಹೊಳೆದಂಡೆಯಲ್ಲಿ ನಿಂತರೆ ಎದುರಿಗೆ ಕಾಣುವುದೇ ವಿರೂಪಾಪುರಗಡ್ಡೆ. ಸುತ್ತ ತುಂಗಭದ್ರೆ, ನಡುವೆ ಬಂಡೆ, ಭತ್ತ, ಬಾಳೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಇಲ್ಲಿನ ರೆಸಾರ್ಟ್‌ಗಳು ನೆಲಸಮವಾದವು. ಬಂಡೆಗಳು ಮಾತ್ರ ಇದ್ದಲ್ಲೇ ಇವೆ. ಏಪ್ರಿಲ್ ಬಂತೆಂದರೆ ಅವು ಕಾದ ಹಂಚು. ಊಟಿಯಿಂದ ಆಸೆಪಟ್ಟು ತಂದ ಹೈಡ್ರೇಂಜಿಯದ ಕುಂಡವನ್ನು ಇಲ್ಲಿ ಇಟ್ಟರೆ ಮಧ್ಯಾಹ್ನದೊಳಗೆ ಎಲೆ ಜೋತುಬೀಳುತ್ತದೆ.

ಮಡಿಕೇರಿ, ಊಟಿ ಕಡೆಯ ಅಂಗಳಗಳಲ್ಲಿ ಹೂಕೋಸಿನಷ್ಟು ದಪ್ಪ ಗೊಂಚಲು ಬಿಡುವ ಈ ಗಿಡದ ತವರು ಜಪಾನ್. ನಾವು ಎಸಳು ಎಂದುಕೊಳ್ಳುವುದು ಅಗಲವಾಗಿ ಬೆಳೆದ ಪುಷ್ಪಪತ್ರ. ನಿಜವಾಗಿ ಕಾಯಿಕಟ್ಟುವ ಹೂಗಳು ಗೊಂಚಲಿನೊಳಗೆ ಸಾಸಿವೆ ಮೊಗ್ಗಿನ ಹಾಗೆ ಅಡಗಿರುತ್ತವೆ. ಮಣ್ಣು ಹುಳಿಯಾಗಿದ್ದರೆ ಬೇರು ಅಲ್ಯೂಮಿನಿಯಂ ಹೀರಿ ಹೂ ನೀಲಿಯಾಗುತ್ತದೆ, ಮಣ್ಣು ಕ್ಷಾರವಾಗಿದ್ದರೆ ಅದೇ ಗಿಡ ಗುಲಾಬಿ ಬಣ್ಣ ತಾಳುತ್ತದೆ. ಕಾಲುವೆ ನೀರುಂಡು ಸವುಳಾದ ನೆಲದ ಚಿಂತೆ ಗಡ್ಡೆಯ ಪಕ್ಕದ ಗಂಗಾವತಿಯ ರೈತರಿಗೆ ಹೊಸದಲ್ಲ. ಇಲ್ಲಿ ಹೈಡ್ರೇಂಜಿಯ ಹೇಗೋ ಬದುಕಿಕೊಂಡರೂ ನೀಲಿ ಹೂವಿನ ಆಸೆ ಬಿಡಬೇಕು.

ಅದರ ಹೊಸ ತಳಿ ಹುಟ್ಟಿಸುವುದು ತಪಸ್ಸಿನ ಕೆಲಸ. ಸಾಸಿವೆಯಂಥ ಹೂವಿನ ಕೇಸರಗಳನ್ನು ಚಿಮುಟದಿಂದ ಕಿತ್ತು, ಇನ್ನೊಂದು ಗಿಡದ ಪರಾಗ ಸವರಿ, ಧೂಳಿನಂಥ ಬೀಜ ಬಿತ್ತಬೇಕು. ಸಸಿ ಹೂ ಬಿಡಲು ಎರಡು ಮೂರು ವರ್ಷ. ಸಾವಿರ ಸಸಿಯಲ್ಲಿ ಒಂದೆರಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ಗೊಬ್ಬರಕ್ಕೆ ಹಾಕುವ ಎದೆಗಾರಿಕೆಯೂ ಬೇಕು.

ಈ ಚಿಮುಟದ ಕೆಲಸ ಗಡ್ಡೆ ಇರುವ ಕೊಪ್ಪಳ ಜಿಲ್ಲೆಗೆ ಚೆನ್ನಾಗಿ ಗೊತ್ತು.

ಕ್ರಾಸಿಂಗ್ ಬಲ್ಲ ಕೈಗಳು

ಕುಷ್ಟಗಿ ಸುತ್ತಲಿನ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜೋತ್ಪಾದನೆ ಮನೆಮಾತು. ಟೊಮೆಟೊ ಪ್ಲಾಟಿನ ಕೆಲಸ ನೋಡಿ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಬಿಡಿಸಿ, ಕೇಸರದ ಹಳದಿ ಶಂಕುವನ್ನು ಚಿಮುಟದಿಂದ ಹಗುರಾಗಿ ಎಳೆದು ತೆಗೆಯುತ್ತಾರೆ. ಒಳಗಿನ ಎಳೆಯ ಸೂಜಿಯಂಥ ಭಾಗಕ್ಕೆ ಪೆಟ್ಟಾದರೆ ಹೂ ಕೆಟ್ಟಂತೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗ ತಂದು ಅದರ ತುದಿಗೆ ಮುಟ್ಟಿಸುತ್ತಾರೆ. ಆಮೇಲೆ ಎರಡು ಪುಷ್ಪಪತ್ರಗಳ ತುದಿ ಕತ್ತರಿಸುತ್ತಾರೆ. ಕಾಯಿ ಹಣ್ಣಾದಾಗ ಇದು ಕ್ರಾಸ್ ಮಾಡಿದ್ದು ಎಂದು ಗುರುತು ಹಿಡಿಯಲು ಆ ಕತ್ತರಿಸಿದ ತುದಿಯೇ ಸಾಕ್ಷಿ. ಈ ಕೆಲಸದಲ್ಲಿ ಹೆಂಗಸರದೇ ಮೇಲುಗೈ. ಶಾಲೆಯಲ್ಲಿರಬೇಕಾದ ಮಕ್ಕಳನ್ನೂ ಹೊಲಕ್ಕಿಳಿಸಿದ ಕಳಂಕ ಈ ಉದ್ಯಮಕ್ಕೆ ಅಂಟಿದ್ದನ್ನೂ ಮರೆಯಬಾರದು.

ಈ ಹೈಬ್ರಿಡ್ ಬೀಜದ ಕಸುಬಿಗೂ ಅಲಂಕಾರದ ಹೂವಿಗೂ ಹಳೆಯ ನಂಟಿದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದಾಗ ಮೊದಲು ಕೈಹಾಕಿದ್ದು ಪೆಟೂನಿಯ ಹೂವಿನ ಬೀಜಕ್ಕೆ, ಅದೂ ಪರದೇಶದ ತೋಟಗಳಿಗಾಗಿ. ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊ, ‘ಭಾರತ್’ ಎಂಬ ದೊಣ್ಣೆಮೆಣಸಿನಕಾಯಿ ಬಂದದ್ದು 1973ರಲ್ಲಿ. ಹೂವಿನಲ್ಲಿ ಪಳಗಿದ ಕೈ ತರಕಾರಿಗೆ ಬಂತು. ಈಗ ತರಕಾರಿಯಲ್ಲಿ ಪಳಗಿದ ಕೈ ಹೂವಿಗೆ ಹೊರಳಲು ಅಡ್ಡಿಯೇನು?

ನಮ್ಮ ನೆಲ ಒಪ್ಪುವ ಗಿಡ

ಬಯಲುಸೀಮೆಗೆ ಹೊಂದುವ ಹೂವಿನ ತಳಿ ನಮ್ಮಲ್ಲೇ ಹುಟ್ಟಬಲ್ಲದು ಎನ್ನುವುದಕ್ಕೆ ಸುಗಂಧರಾಜ ಸಾಕ್ಷಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿಂಗಲ್ ಮತ್ತು ಡಬಲ್ ಬಗೆಗಳನ್ನು ಕೂಡಿಸಿ ‘ಶೃಂಗಾರ್’ ತಂದಿತು. ಶೃಂಗಾರ್‌ಗೆ ಮತ್ತೆ ಮೆಕ್ಸಿಕನ್ ಸಿಂಗಲ್ ಸೇರಿಸಿದಾಗ ‘ಪ್ರಜ್ವಲ್’ ಬಂತು. ಮೊಗ್ಗಿಗೆ ತುಸು ಗುಲಾಬಿ ಛಾಯೆ, ಅರಳಿದ ಮೇಲೆ ಅಚ್ಚ ಬಿಳಿ, ಹೂವೂ ದೊಡ್ಡದು. ಮದುವೆ ಮಂಟಪದ ಹಾರ ಕಟ್ಟುವವರಿಗೆ ಇದರ ಬೆಲೆ ಗೊತ್ತು.

ಮನೆಯಂಗಳದಲ್ಲೇ ಕೈ ಪಳಗಿಸಿಕೊಳ್ಳುವವರಿಗೆ ದಾಸವಾಳದಷ್ಟು ಸಲೀಸಾದ ಗಿಡ ಮತ್ತೊಂದಿಲ್ಲ. ಗಡ್ಡೆಯ ಬಿಸಿಲನ್ನು ಅದು ತಡೆಯುತ್ತದೆ, ಹೂವೂ ಅಂಗೈಯಗಲ, ಭೂತಗನ್ನಡಿ ಬೇಡ. ಹಿತ್ತಲಿನ ಹಳೆಯ ಕೆಂಪು ದಾಸವಾಳ ಕಾಯಿ ಕಟ್ಟುವುದೇ ಅಪರೂಪ. ತಲೆತಲಾಂತರದಿಂದ ಕಡ್ಡಿ ನೆಟ್ಟೇ ಬೆಳೆಸಿದ ಗಿಡ ಅದು. ಹಾಗಾಗಿ ನರ್ಸರಿಯ ಎರಡು ಬಣ್ಣದ ಹೈಬ್ರಿಡ್ ಆರಿಸಿ. ಬೆಳಿಗ್ಗೆ ಅರಳಿದ ಹೂವಿನ ನಡುಗಂಬದ ತುದಿಯಲ್ಲಿ ಐದು ಪುಟ್ಟ ಗುಂಡಿಗಳಿವೆಯಲ್ಲ, ಅವುಗಳ ಮೇಲೆ ಇನ್ನೊಂದು ಹೂವಿನ ಪರಾಗ ಸವರಿ. ತೊಟ್ಟಿಗೆ ದಾರ ಕಟ್ಟಿ, ತಾಯಿ ತಂದೆಯ ಹೆಸರನ್ನೂ ತಾರೀಖನ್ನೂ ಬರೆದಿಡಿ. ಕ್ರಾಸ್ ಹಿಡಿದರೆ ಎರಡು ತಿಂಗಳ ಹೊತ್ತಿಗೆ ಕಾಯಿ ಒಣಗಿ ಬಿರಿಯುತ್ತದೆ. ಒಂದೇ ಕಾಯಿಯ ಬೀಜದಿಂದ ಎದ್ದ ಸಸಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಮೆಚ್ಚಿದ್ದನ್ನು ಕಡ್ಡಿಯಿಂದಲೋ ಕಸಿಯಿಂದಲೋ ಹೆಚ್ಚಿಸಬೇಕು. ಮುಖ್ಯವಾದದ್ದು ಆಯ್ಕೆ. ಮೇ ತಿಂಗಳ ಮಧ್ಯಾಹ್ನ ಯಾವ ಸಸಿ ತಲೆಯೆತ್ತಿ ನಿಂತಿದೆಯೋ ಅದನ್ನೇ ಉಳಿಸಿ. ಬಣ್ಣ ಎಷ್ಟೇ ಚಂದವಿರಲಿ, ಬಾಡಿದ್ದನ್ನು ಬಿಡಿ.

ತಳಿಗೆ ಹೆಸರಿಡುವ ಹಕ್ಕೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಅಧಿಸೂಚಿತ ಬೆಳೆಗಳ ಹೊಸ ತಳಿಯನ್ನು ನೋಂದಾಯಿಸಬಹುದು. ಗುಲಾಬಿ, ಸೇವಂತಿಗೆ ಆ ಪಟ್ಟಿಯಲ್ಲಿವೆ. ರೈತರ ತಳಿಗೆ ನೋಂದಣಿ ಶುಲ್ಕವಿಲ್ಲ. ತಳಿ ಬೇರೆಯದರಿಂದ ಸ್ಪಷ್ಟವಾಗಿ ಭಿನ್ನವಾಗಿರಬೇಕು, ಗಿಡದಿಂದ ಗಿಡಕ್ಕೆ ಒಂದೇ ಥರ ಇರಬೇಕು, ತಲೆಮಾರು ಕಳೆದರೂ ಬದಲಾಗಬಾರದು. ಮರ, ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ ಸಿಗುತ್ತದೆ.

ಈ ಸೀಮೆಗೆ ತಳಿ ಹುಟ್ಟಿಸುವುದು ಹೊಸ ವಿದ್ಯೆಯಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ‘ಗಂಗಾವತಿ ಸೋನಾ’ ಎಂಬ ಭತ್ತ ಕೊಟ್ಟಿದೆ. ಮುನಿರಾಬಾದಿನಲ್ಲಿ ತೋಟಗಾರಿಕಾ ಕಾಲೇಜಿದೆ. ಕುಷ್ಟಗಿಯಲ್ಲಿ ಕ್ರಾಸಿಂಗ್ ಬಲ್ಲ ಕೈಗಳಿವೆ. ಕಾಲೇಜಿನ ತೋಟಕ್ಕೆ ಆ ಹೆಣ್ಣುಮಕ್ಕಳನ್ನು ಕೂಲಿಗಾಗಿ ಕರೆಯದೆ ಪಾಲುದಾರರಾಗಿ ಕರೆಯಲಿ. ಅಲ್ಲಿ ಹುಟ್ಟುವ ಮೊದಲ ಹೂವಿನ ನೋಂದಣಿ ಅರ್ಜಿಯಲ್ಲಿ ಚಿಮುಟ ಹಿಡಿದವರ ಹೆಸರೂ ಇರಲಿ.