ಕಾರಿನ ಗ್ಲಾಸ್ ಇಳಿದದ್ದು ಮೇಲೇರುತ್ತಿಲ್ಲವೇ? ಗ್ಯಾರೇಜಿಗೆ ಹೋಗುವ ಮುಂಚೆ ಮನೆಯಲ್ಲೇ ಹೀಗೆ ನೋಡಿ

ಪವರ್ ವಿಂಡೋ ಕೈಕೊಡುವುದು ಬಹುತೇಕ ಒಂದೇ ರೀತಿ. ಪೆಟ್ರೋಲ್ ಬಂಕ್‌ನಲ್ಲೋ ಟೋಲ್‌ನಲ್ಲೋ ಗ್ಲಾಸ್ ಇಳಿಸಿರುತ್ತಾರೆ, ಆಮೇಲೆ ಸ್ವಿಚ್ ಎಳೆದರೆ ಏರೋದೇ ಇಲ್ಲ. ಹೊರಗೆ ಜಡಿಮಳೆ, ಹಿಂದಿನ ಸೀಟಿನಲ್ಲಿ ಅಂಗಡಿಗೆ ತಂದ ಸಾಮಾನು. ಹಾಗೇ ತೆರೆದಿಟ್ಟು ಪೇಟೆ ಬೀದಿಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಮಾರುತಿ 800 ಕಾಲದಲ್ಲಿ ಹ್ಯಾಂಡಲ್ ತಿರುಗಿಸಿದರೆ ಮುಗೀತಿತ್ತು. ಈಗ ಆ ಕೆಲಸಕ್ಕೆ ಫ್ಯೂಸ್, ಸ್ವಿಚ್, ವೈರ್, ಮೋಟರ್ ಮತ್ತು ಗ್ಲಾಸ್ ಎತ್ತುವ ಮಷಿನ್ ಎಲ್ಲವೂ ಸರಿಯಿರಬೇಕು.

ಯಾವುದು ಕೆಟ್ಟಿದೆ ಅಂತ ತಿಳಿಯದೆ ಗ್ಯಾರೇಜಿಗೆ ಹೋದರೆ ಮೋಟರ್ ಸಮೇತ ಇಡೀ ಸೆಟ್ ಬದಲಾಯಿಸಿ ಬಿಲ್ ಬರುವ ಸಂಭವವೇ ಜಾಸ್ತಿ. ಹತ್ತು ನಿಮಿಷ ಮನೆಯಂಗಳದಲ್ಲೇ ನೋಡಿದರೆ ಆ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಮೊದಲು ತುರ್ತು ಕೆಲಸ. ಒಬ್ಬರು ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿಯಲಿ. ಇನ್ನೊಬ್ಬರು ಹೊರಗೆ ನಿಂತು ಗ್ಲಾಸಿನ ಎರಡೂ ಬದಿಗೆ ಅಂಗೈ ಒತ್ತಿ ನಿಧಾನವಾಗಿ ಮೇಲಕ್ಕೆ ತಳ್ಳಲಿ. ಬೆರಳು ಮೇಲಂಚಿನಲ್ಲಿ ಇರಬಾರದು. ಏರಿದ ಗ್ಲಾಸ್ ಮತ್ತೆ ಜಾರದಂತೆ ಅಗಲವಾದ ಟೇಪನ್ನು ಗ್ಲಾಸಿನಿಂದ ಡೋರ್ ಫ್ರೇಮಿನ ಮೇಲಕ್ಕೆ ಅಂಟಿಸಿ. ಏರದಿದ್ದರೆ ಬೇರೆ ದಾರಿಯಿಲ್ಲ, ದಪ್ಪ ಪ್ಲಾಸ್ಟಿಕ್ ಶೀಟೇ ಗತಿ.

ಸದ್ದು ಕೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ

ಇಗ್ನಿಷನ್ ಆನ್ ಮಾಡಿ, ರೇಡಿಯೋ ಫ್ಯಾನ್ ಬಂದ್ ಮಾಡಿ, ಡೋರಿಗೆ ಕಿವಿಗೊಟ್ಟು ಸ್ವಿಚ್ ಒತ್ತಿ ನೋಡಿ. ಮೋಟರ್ 'ಗುಂಯ್' ಅಂತ ತಿರುಗುತ್ತಿದೆ, ಗ್ಲಾಸ್ ಮಾತ್ರ ಅಲುಗಾಡುತ್ತಿಲ್ಲ ಎಂದರೆ ಕರೆಂಟಿನ ತೊಂದರೆಯಲ್ಲ. ಒಳಗಿನ ಮಷಿನ್‌ನ ಕೇಬಲ್ ಹರಿದಿದೆ ಅಥವಾ ಗ್ಲಾಸ್ ಹಿಡಿದಿರುವ ಪ್ಲಾಸ್ಟಿಕ್ ತುಂಡು ಮುರಿದಿದೆ. ಗ್ಲಾಸ್ ಏರುತ್ತೆ ಆದರೆ ತೆವಳುತ್ತೆ, ಒಂದು ಪಕ್ಕಕ್ಕೆ ವಾಲುತ್ತೆ ಅಂದರೆ ಎರಡು ಬದಿಯ ರಬ್ಬರ್ ಗಾಡಿಯಲ್ಲಿ ಧೂಳು ಮಣ್ಣು ತುಂಬಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಇಂಜಿನ್ ಆಯಿಲ್, ಗ್ರೀಸ್ ಹಚ್ಚುವವರಿದ್ದಾರೆ. ಅದು ರಬ್ಬರನ್ನು ಉಬ್ಬಿಸಿ, ಧೂಳನ್ನು ಇನ್ನಷ್ಟು ಹಿಡಿದಿಡುತ್ತದೆ.

ಸದ್ದೇ ಇಲ್ಲ ಅಂದರೆ ವಿಚಾರಣೆ ಬೇರೆ. ನಾಲ್ಕೂ ಡೋರ್ ಸತ್ತಿದ್ದರೆ ಫ್ಯೂಸ್ ನೋಡಿ. ಸ್ಟೀರಿಂಗ್ ಕೆಳಗೆ ಒಂದು ಬಾಕ್ಸ್, ಬಾನೆಟ್ ಒಳಗೆ ಇನ್ನೊಂದು ಇರುತ್ತದೆ. ಯಾವುದು ಎಲ್ಲಿ ಎಂಬುದು ಮುಚ್ಚಳದಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತೆ. ಹಳದಿ ಬಣ್ಣದ್ದು 20 ಆಂಪ್, ಹಸಿರು 30. ಹೋದದ್ದು ಎಷ್ಟು ಆಂಪಿನದೋ ಅಷ್ಟೇ ಹಾಕಬೇಕು. ಜಾಸ್ತಿ ಆಂಪಿನದು ಹಾಕುವುದು, ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇಡುವುದು ಬೇಡವೇ ಬೇಡ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ಡೋರಿನ ವೈರಿಂಗ್. ಹೊಸ ಫ್ಯೂಸೂ ತಕ್ಷಣ ಹೋಯಿತು ಅಂದರೆ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದೆ.

ಒಂದೇ ಡೋರ್ ಕೆಟ್ಟಿದ್ದರೆ ಡ್ರೈವರ್ ಬದಿಯ ಸ್ವಿಚ್‌ನಿಂದ ಅದನ್ನು ಒತ್ತಿ ನೋಡಿ. ಅಲ್ಲಿಂದ ನಡೆಯುತ್ತೆ, ಆ ಡೋರಿನ ಸ್ವಿಚ್‌ನಿಂದ ನಡೆಯಲ್ಲ ಎಂದಾದರೆ ಮೊದಲು ಡ್ರೈವರ್ ಪಕ್ಕದ ಲಾಕ್ ಬಟನ್ ನೋಡಿ. ಮಕ್ಕಳು ಒತ್ತಿಬಿಟ್ಟಿರುತ್ತಾರೆ, ಮನೆಯವರೆಲ್ಲ ಸ್ವಿಚ್ ಕೆಟ್ಟಿತು ಅಂದುಕೊಂಡಿರುತ್ತಾರೆ! ಅದು ಸರಿಯಿದ್ದರೆ ಸ್ವಿಚ್ ಮೇಲೆ ಅನುಮಾನ. ಅನೇಕ ಕಾರುಗಳಲ್ಲಿ ಹಿಂದಿನ ಎಡ ಬಲದ ಸ್ವಿಚ್ ಒಂದೇ ಮಾದರಿ. ಅದಲು ಬದಲು ಮಾಡಿದರೆ ಹೊಸದು ಕೊಳ್ಳುವ ಮುಂಚೆಯೇ ಗೊತ್ತಾಗುತ್ತೆ.

ಎಲ್ಲರೂ ಮರೆಯುವ ಜಾಗ ಇನ್ನೊಂದಿದೆ. ಡೋರ್ ಮತ್ತು ಬಾಡಿ ನಡುವೆ, ಹಿಂಜ್ ಹತ್ತಿರ ಕಪ್ಪು ರಬ್ಬರ್ ಕೊಳವೆಯಲ್ಲಿ ವೈರುಗಳು ಹಾದುಹೋಗುತ್ತವೆ. ಡೋರ್ ತೆಗೆದಾಗಲೆಲ್ಲ ಮಡಚಿಕೊಳ್ಳುವ ಈ ವೈರು ವರ್ಷಗಳಾದ ಮೇಲೆ ಒಳಗೇ ತುಂಡಾಗುತ್ತದೆ. ಡೋರ್ ಅರ್ಧ ತೆರೆದಾಗ ಗ್ಲಾಸ್ ನಡೆಯುತ್ತೆ, ಮುಚ್ಚಿದರೆ ನಿಲ್ಲುತ್ತೆ ಅನ್ನುವುದು ಇದರ ಲಕ್ಷಣ. ಇಲ್ಲಿ ಬೇಕಿರುವುದು ಒಂದು ತುಂಡು ವೈರ್ ಮತ್ತು ಬೆಸುಗೆ, ಹೊಸ ಮೋಟರ್ ಅಲ್ಲ.

ಸ್ವಿಚ್ ಒತ್ತಿಕೊಂಡೇ ಡೋರ್ ಪ್ಯಾಡ್ ಮೇಲೆ ಮೋಟರ್ ಇರುವ ಕಡೆ ಮುಷ್ಟಿಯಿಂದ ತಟ್ಟಿದಾಗ ಗ್ಲಾಸ್ ಚಲಿಸಿತೇ? ಮೋಟರಿನ ಕಾರ್ಬನ್ ಬ್ರಷ್ ಸವೆದಿದೆ, ದಿನ ಎಣಿಸುತ್ತಿದೆ ಅಂತ ಲೆಕ್ಕ. ಸಿಕ್ಕ ಅವಕಾಶದಲ್ಲಿ ಗ್ಲಾಸ್ ಪೂರ್ತಿ ಏರಿಸಿ, ಮತ್ತೆ ಇಳಿಸಲು ಹೋಗಬೇಡಿ. ಬಿಡದೆ ಸ್ವಿಚ್ ಒತ್ತಿ ಒತ್ತಿ ಬಿಸಿಯಾಗಿ ನಿಂತಿದ್ದರೆ ಐದಾರು ನಿಮಿಷ ಬಿಟ್ಟು ನೋಡಿದರೆ ಮತ್ತೆ ಓಡುವುದೂ ಉಂಟು.

ಡೋರ್ ಪ್ಯಾಡ್ ಬಿಚ್ಚುವುದಾದರೆ

ವಾರಂಟಿ ಇರುವ ಕಾರಿಗೆ ಕೈ ಹಾಕಬೇಡಿ. ಬಾಕಿಯವರು ಬ್ಯಾಟರಿಯ ನೆಗೆಟಿವ್ ತೆಗೆದೇ ಶುರು ಮಾಡಬೇಕು. ಸ್ಕ್ರೂ ಇರುವುದು ಸಾಮಾನ್ಯವಾಗಿ ಕೈ ಹಿಡಿಯುವ ಜಾಗದ ಒಳಗೆ, ಒಳಗಿನ ಲಾಕ್ ಹಿಡಿಕೆಯ ಹಿಂದೆ. ಉಳಿದದ್ದು ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳು. ಕಬ್ಬಿಣದ ಸ್ಕ್ರೂಡ್ರೈವರ್ ಬದಲು ಹಳೇ ಎಟಿಎಂ ಕಾರ್ಡ್ ತೂರಿಸಿ ಮೀಟಿದರೆ ಪೇಂಟ್ ಉಳಿಯುತ್ತೆ. ಪ್ಯಾಡನ್ನು ಒಮ್ಮೆಲೇ ಜಗ್ಗಬಾರದು, ಹಿಂದೆ ಸ್ವಿಚ್ಚಿನ ವೈರ್ ಇರುತ್ತೆ.

ಮೋಟರಿನ ಎರಡು ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಲು ಮಾತ್ರ ಬ್ಯಾಟರಿ ಮತ್ತೆ ಜೋಡಿಸಬೇಕು. ಸ್ವಿಚ್ ಒತ್ತಿದಾಗ ಲ್ಯಾಂಪ್ ಉರಿದರೂ ಮೋಟರ್ ತಿರುಗದಿದ್ದರೆ ದೋಷ ಮೋಟರಿನದ್ದೇ. ಆಗ ಕೈ ಒಳಗಿರಬಾರದು. ಬೆರಳು ಸಿಕ್ಕರೆ ಮಷಿನ್ ಬಿಡುವುದಿಲ್ಲ. ಕೇಬಲ್ ಇಲ್ಲದೆ ಕತ್ತರಿಯಂತೆ ತೆರೆದು ಮುಚ್ಚುವ ಮಷಿನ್‌ಗಳಲ್ಲಿ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಇರುತ್ತದೆ. ಮೋಟರ್ ಬಿಚ್ಚಿದ ಕೂಡಲೇ ಅದರ ತೋಳು ರಪ್ಪನೆ ಬಂದು ಕೈಗೆ ಹೊಡೆಯಬಹುದು. ಇಂಥದ್ದನ್ನು ಗ್ಯಾರೇಜಿನವರಿಗೇ ಬಿಡಿ.

ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು 'ಇದೇನಕ್ಕೆ' ಅಂತ ಹರಿದು ಎಸೆಯುವವರು ಬಹಳ. ಗ್ಲಾಸಿನ ಸಂದಿಯಿಂದ ಡೋರೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದೇ ಅದು. ಸುತ್ತಲೂ ಸರಿಯಾಗಿ ಅಂಟಿಸಿ, ಡೋರಿನ ಕೆಳ ಅಂಚಿನ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಬಿಡಿಸಿ. ಇಲ್ಲದಿದ್ದರೆ ತಿಂಗಳೊಳಗೆ ಮ್ಯಾಟ್ ಒದ್ದೆ, ಕಾರೆಲ್ಲ ವಾಸನೆ.

ಬ್ಯಾಟರಿ ತೆಗೆದು ಹಾಕಿದ ಮೇಲೆ ಕೆಲವು ಕಾರುಗಳಲ್ಲಿ ಒಂದೇ ಒತ್ತಿಗೆ ತಾನಾಗಿ ಏರುವ ಸೌಲಭ್ಯ ನಿಂತಿರುತ್ತದೆ. ಸಾಮಾನ್ಯವಾಗಿ ಗ್ಲಾಸ್ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದರೆ ಮರಳುತ್ತೆ; ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ. ಪರೀಕ್ಷೆ ಮಾಡುವಾಗ ಮಕ್ಕಳನ್ನು ಕಾರಿನಿಂದ ಇಳಿಸಿ. ಏನೋ ಅಡ್ಡ ಸಿಕ್ಕಿದೆ ಅಂತ ಗ್ಲಾಸ್ ತಾನಾಗಿ ಕೆಳಗಿಳಿಯುವ ವ್ಯವಸ್ಥೆ ಎಲ್ಲ ಕಾರಿನಲ್ಲೂ ಇಲ್ಲ, ಇದ್ದರೂ ಬಹಳ ಕಾರುಗಳಲ್ಲಿ ಡ್ರೈವರ್ ಬದಿಗೆ ಮಾತ್ರ.