ಎರವಲು ವಿದ್ಯೆ

ಮಾರ್ಚಿ ತಿಂಗಳು ಹತ್ತಿರ ಬಂದಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ ಸ್ಟೇಷನ್ನುಗಳ ಸುತ್ತಮುತ್ತಲಿನ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿಯ ಕಾಲ. ವಾಶಿ, ನೆರೂಳುಗಳ ಕಡೆಗೆ ಹೋದರೂ ಇದೇ ನೋಟ. ಪದವಿಯ ಕೊನೆಯ ವರ್ಷದ ಹುಡುಗ ಹುಡುಗಿಯರು ಪೆನ್‌ಡ್ರೈವ್ ಹಿಡಿದು, ಇಲ್ಲವೆ ಮೊಬೈಲಿನಿಂದಲೇ ತಮ್ಮ ಬರಹವನ್ನು ಅಂಗಡಿಗೆ ಕಳುಹಿಸಿ, ಸಾಲಾಗಿ ಕಾದು ನಿಂತಿರುತ್ತಾರೆ. ಕೊನೆಗೆ ಅವರ ಕೈಗೆ ಕಪ್ಪು ರಟ್ಟಿನ, ಬಂಗಾರದ ಬಣ್ಣದ ಅಕ್ಷರಗಳ ಒಂದು ದಪ್ಪ ಪುಸ್ತಕ ಬರುತ್ತದೆ. ಮುಂಬಯಿಯ ಕಾಲೇಜುಗಳ ಮಾತಿನಲ್ಲಿ ಇದಕ್ಕೆ ‘ಬ್ಲ್ಯಾಕ್ ಬುಕ್’ ಎಂದು ಹೆಸರು. ವಿದ್ಯಾರ್ಥಿಯು ತಾನೇ ಒಂದು ವಿಷಯವನ್ನು ಆರಿಸಿಕೊಂಡು, ತಾನೇ ನಾಲ್ಕು ಜನರನ್ನು ವಿಚಾರಿಸಿ, ತಾನೇ ಬರೆದ ಪ್ರಾಜೆಕ್ಟು ಇದು ಎಂಬ ಘೋಷಣೆ ಅದರ ಮೊದಲ ಪುಟಗಳಲ್ಲಿಯೇ ಇರುತ್ತದೆ. ಅದರ ಕೆಳಗೆ ಅವನ ಸಹಿಯೂ ಇರುತ್ತದೆ.

ಆ ಸಹಿಯು ಎಷ್ಟು ನಿಜ ಎಂಬುದೇ ಈ ಸಲ ನಾವು ವಾಚಕ ಬಂಧುಗಳ ಮುಂದೆ ಇಡಬಯಸುವ ಪ್ರಶ್ನೆ.

ಅಂತರ್ಜಾಲದಲ್ಲಿ ಇಂತಹ ಪ್ರಾಜೆಕ್ಟುಗಳು ಸಿದ್ಧವಾಗಿ ದೊರೆಯುತ್ತವೆ. ಕೆಲವು ಪುಕ್ಕಟೆ, ಕೆಲವು ಹಣಕ್ಕೆ. ಹಿಂದಿನ ವರ್ಷ ಇನ್ನಾವುದೋ ಕಾಲೇಜಿನ ವಿದ್ಯಾರ್ಥಿ ಒಪ್ಪಿಸಿದ ವರದಿಯನ್ನು ಇಳಿಸಿಕೊಂಡು, ಹೆಸರು, ಕ್ರಮಸಂಖ್ಯೆ, ಕಾಲೇಜಿನ ಲಾಂಛನ, ಈ ಮೂರನ್ನು ಬದಲಿಸಿದರೆ ಕೆಲಸ ಮುಗಿಯಿತು. ಪ್ರಶ್ನಾವಳಿಗೆ ಉತ್ತರವಿತ್ತ ನೂರು ಮಂದಿ ಗ್ರಾಹಕರು ಡೊಂಬಿವಲಿಯವರೆಂದು ಅದರಲ್ಲಿ ಬರೆದಿರುತ್ತದೆ. ಪಾಪ, ಅವರಲ್ಲಿ ಒಬ್ಬರೂ ಡೊಂಬಿವಲಿಯ ನೀರು ಕುಡಿದವರಲ್ಲ. ಅಸಲು ಹುಟ್ಟಿದವರೇ ಅಲ್ಲ!

ನಕಲು ಮಾಡುವ ಚಾಳಿಯು ಅಂತರ್ಜಾಲದೊಡನೆ ಹುಟ್ಟಿದುದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ತೋಳಿನ ಮಡಿಕೆಯಲ್ಲಿ ಚೀಟಿ ಅಡಗಿಸುವವರು ಎಲ್ಲ ಕಾಲದಲ್ಲಿಯೂ ಇದ್ದರು. ವಿಶ್ವವಿದ್ಯಾಲಯದ ಹಾಗೂ ಮಂಡಳಿಯ ಪರೀಕ್ಷೆಗಳಲ್ಲಿ ನಡೆಯುವ ಅಕ್ರಮಗಳನ್ನು ತಡೆಯಲೆಂದು ಮಹಾರಾಷ್ಟ್ರ ರಾಜ್ಯವು 1982ರಲ್ಲಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಆಗ ನಮ್ಮ ಚಾಳುಗಳಲ್ಲಿ ಟೆಲಿಫೋನೇ ಅಪರೂಪವಾಗಿದ್ದಿತು. ಆದುದರಿಂದ ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ಅಂತರ್ಜಾಲವು ಮಾಡಿದ್ದೇನು? ಹಿಂದೆ ಗೆಳೆಯನ ಜರ್ನಲನ್ನು ನೋಡಿ ಬರೆಯುವವನು ಕೊನೆಯ ಪಕ್ಷ ರಾತ್ರಿಯೆಲ್ಲ ಕುಳಿತು ಕೈಯಿಂದ ಬರೆಯಬೇಕಿದ್ದಿತು. ಹಾಗೆ ಬರೆಯುತ್ತ ಬರೆಯುತ್ತಲೇ ನಾಲ್ಕು ಮಾತು ತಲೆಯೊಳಗೂ ಇಳಿಯುತ್ತಿದ್ದುವು. ಮೇಲಾಗಿ ಗೆಳೆಯನನ್ನು ಬೇಡಬೇಕು, ಅವನು “ಏನಯ್ಯಾ, ನೀನೇ ಬರೆಯಬಾರದೆ?” ಎಂದರೆ ತಲೆ ತಗ್ಗಿಸಬೇಕು. ಇಂದು ಈ ಎರಡು ತಡೆಗಳೂ ಇಲ್ಲವಾಗಿವೆ. ನಕಲಿಗೆ ಶ್ರಮವೂ ಬೇಡ. ನಕಲಿಗೆ ಸಾಕ್ಷಿಯೂ ಇಲ್ಲ. ನಡುರಾತ್ರಿ ಮೊಬೈಲಿನ ಬೆಳಕಿನಲ್ಲಿ ಒಬ್ಬನೇ ಕುಳಿತವನಿಗೆ ತಾನು ಯಾರದೋ ಗಂಟನ್ನು ಎತ್ತುತ್ತಿದ್ದೇನೆ ಎಂದು ಅನ್ನಿಸುವುದೇ ಇಲ್ಲ. ಗಂಟಿನ ಒಡೆಯ ಕಣ್ಣಿಗೆ ಕಾಣಿಸಿದರಲ್ಲವೆ ಅಳುಕು?

ಸಾಕ್ಷಿ ಇಲ್ಲದಾದಾಗ ಏನಾಗುತ್ತದೆಂಬುದನ್ನು ಕೋವಿಡಿನ ವರ್ಷವು ತೋರಿಸಿಕೊಟ್ಟಿತು. ಪರೀಕ್ಷೆಯಿಲ್ಲದೆ ಪದವಿ ಕೊಡಲಾಗದೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 28ರಂದು ಎತ್ತಿಹಿಡಿಯಿತು. ಅದರಂತೆ ಮುಂಬಯಿ ವಿಶ್ವವಿದ್ಯಾಲಯದ ಅಂತಿಮ ವರ್ಷದ ಪರೀಕ್ಷೆಗಳು ಆ ಅಕ್ಟೋಬರಿನಲ್ಲಿ ಮನೆಮನೆಗಳಿಂದಲೇ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ರೂಪದಲ್ಲಿ ನಡೆದುವು. ಉತ್ತರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಸಂಗತಿ ಆ ವರ್ಷ ಮನೆಯಲ್ಲಿ ವಿದ್ಯಾರ್ಥಿಗಳಿದ್ದವರಿಗೆ ಹೊಸದಲ್ಲ. ಒಂದು ಕೋಣೆ, ಒಂದು ಅಡಿಗೆಮನೆಯ ನಮ್ಮ ಬಿಡಾರಗಳಲ್ಲಿ ತಾಯಿ ಮೂರು ಹೆಜ್ಜೆಯಾಚೆ ಒಗ್ಗರಣೆ ಹಾಕುತ್ತಿದ್ದಳು. ತಂದೆ ಗೋಡೆಗೊರಗಿ ಪತ್ರಿಕೆ ಓದುತ್ತಿದ್ದನು. ಆ ಪರೀಕ್ಷಾಮಂದಿರದ ಮೇಲ್ವಿಚಾರಕರು ಯಾರು? ನಾವೇ, ಹೆತ್ತವರೇ. ಈ ಮಾತನ್ನು ಮುಂದಕ್ಕೆ ನೆನಪಿನಲ್ಲಿಟ್ಟುಕೊಳ್ಳೋಣ.

ಇನ್ನು ವಿದ್ಯಾಲಯಗಳ ಕಡೆಗೆ ತಿರುಗೋಣ. ದೋಷವು ವಿದ್ಯಾರ್ಥಿಗಳದು ಮಾತ್ರವೇ ಎನ್ನುವಂತಿಲ್ಲ. ಕುಮಾವೂಂ ವಿಶ್ವವಿದ್ಯಾಲಯದ ಕುಲಪತಿಗಳೊಬ್ಬರ ಹೆಸರಿನಲ್ಲಿ ಬಂದ ಭೌತವಿಜ್ಞಾನದ ಲೇಖನವು ಅಮೆರಿಕದ ಸ್ಟ್ಯಾನ್‌ಫರ್ಡಿನ ವಿಜ್ಞಾನಿಗಳ ಲೇಖನದಿಂದ ಎತ್ತಿದುದೆಂದು 2002ರಲ್ಲಿ ಬಯಲಾಗಿ, ಮರುವರ್ಷ ಅವರು ಪದವಿಯನ್ನು ಬಿಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಆದರೆ ಇಲ್ಲೊಂದು ಸಮಾಧಾನವೂ ಉಂಟು. ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವ, ಆ ಸುದ್ದಿಯನ್ನು ದೇಶದೇಶಗಳ ವಿದ್ವಾಂಸರಿಗೆ ಮುಟ್ಟಿಸುವ ಅನುಕೂಲವನ್ನು ಒದಗಿಸಿದುದೂ ಅದೇ ಅಂತರ್ಜಾಲವೇ. ಕದಿಯಲು ಏಣಿಯಾದುದು ಹಿಡಿಯಲು ದೀಪವೂ ಆಯಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಒಪ್ಪಿಸಿದ ಪ್ರಬಂಧದಲ್ಲಿ ಬೇರೆಯವರ ಬರಹದೊಡನೆ ಹೋಲಿಕೆಯು ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ, ಗೊತ್ತುಪಡಿಸಿದ ಅವಧಿಯಲ್ಲಿ, ಹೆಚ್ಚೆಂದರೆ 6 ತಿಂಗಳೊಳಗೆ, ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿ ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಹೋಲಿಕೆಯನ್ನು ಅಳೆಯುವ ಯಂತ್ರಸಾಧನಗಳನ್ನು ವಿದ್ಯಾಲಯಗಳು ಇಟ್ಟುಕೊಳ್ಳಬೇಕೆಂದೂ ವಿಧಿಸಲಾಯಿತು. ಆದರೆ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಈ ನಿಯಮಾವಳಿಯು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಳ ಪ್ರಬಂಧಗಳಿಗೂ ಪ್ರಕಟವಾಗುವ ಬರಹಗಳಿಗೂ ಸಂಬಂಧಿಸಿದುದು. ತರಗತಿಯ ಅಸೈನ್‌ಮೆಂಟು, ಪ್ರಾಜೆಕ್ಟು ವರದಿ, ಉತ್ತರಪತ್ರಿಕೆ ಇವುಗಳನ್ನು ಅದು ಹೊರಗಿಟ್ಟಿದೆ. ಎಂದರೆ, ನಮ್ಮ ಮಕ್ಕಳ ಬ್ಲ್ಯಾಕ್ ಬುಕ್ಕಿಗೆ ಈ ಕಾವಲು ಇಲ್ಲ. ಪದವಿ ತರಗತಿಯಲ್ಲಿ ಅಂಟಿದ ರೂಢಿಯು ಮುಂದೆ ಸಂಶೋಧನೆಗೆ ಹೋದಾಗ ಅಪರಾಧವಾಗಿ ನಿಲ್ಲುತ್ತದೆ. ನಡುವೆ ಎಚ್ಚರಿಸುವವರು ಯಾರೂ ಇರುವುದಿಲ್ಲ.

ಇಷ್ಟರಲ್ಲಿಯೇ ಇನ್ನೊಂದು ಸಂಗತಿ ಬಂದಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಯ ಸಾಧನವು ಹೊರಬಂದಿತು. ಇದು ಇನ್ನೊಬ್ಬರ ಬರಹವನ್ನು ಇದ್ದಂತೆ ಎತ್ತಿಕೊಡುವುದಿಲ್ಲ. ಕೇಳಿದ ವಿಷಯದ ಮೇಲೆ ಹೊಸದಾಗಿ ವಾಕ್ಯಗಳನ್ನು ಹೆಣೆದು ಕೊಡುತ್ತದೆ. ಹೀಗಿರುವಲ್ಲಿ ಹೋಲಿಕೆಯನ್ನು ಅಳೆಯುವ ಸಾಧನಗಳು ಏನು ಮಾಡಿಯಾವು? ಬೆಂಗಳೂರಿನ ಆರ್.ವಿ. ವಿಶ್ವವಿದ್ಯಾಲಯವು 2023ರ ಜನವರಿಯಲ್ಲಿಯೇ ತನ್ನ ಆವರಣದಲ್ಲಿ ಇಂತಹ ಸಾಧನಗಳನ್ನು ತಡೆಹಿಡಿಯಿತು. ಸಂಶಯ ಬಂದ ಕಡೆ ವಿದ್ಯಾರ್ಥಿಯಿಂದ ಅದೇ ಕೆಲಸವನ್ನು ಮತ್ತೆ ಮಾಡಿಸಿ ನೋಡುವ ಕ್ರಮವನ್ನೂ ತಂದಿತು. ಆವರಣದೊಳಗೆ ತಡೆಯಬಹುದು, ಆದರೆ ಮೊಬೈಲು ಜೇಬಿನೊಳಗಿದೆಯಲ್ಲ!

ಯಂತ್ರ ಬರೆದುದನ್ನು ಯಂತ್ರದಿಂದಲೇ ಹಿಡಿಯಬಹುದೆಂಬ ಆಸೆಯೂ ಪೂರ್ಣವಾಗಿ ಕೈಗೂಡಿಲ್ಲ. ಚಾಟ್‌ಜಿಪಿಟಿಯನ್ನು ಮಾಡಿದ ಸಂಸ್ಥೆಯೇ ಹೊರತಂದ ಪತ್ತೆಸಾಧನವನ್ನು, ಅದರ ತೀರ್ಪು ನೆಚ್ಚುವಂತಿಲ್ಲವೆಂದು 2023ರ ಜುಲೈಯಲ್ಲಿ ಅದೇ ಸಂಸ್ಥೆ ಹಿಂತೆಗೆದುಕೊಂಡಿತು. ಹರಿಯಾಣದ ಖಾಸಗಿ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿಯನ್ನು, ಉತ್ತರದ ಬಹುಭಾಗ ಯಂತ್ರದ್ದೆಂದು ಅನುತ್ತೀರ್ಣಗೊಳಿಸಿದಾಗ, ಆತ 2024ರಲ್ಲಿ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದನು. ಬಳಿಕ ವಿಶ್ವವಿದ್ಯಾಲಯವು ಅವನನ್ನು ಉತ್ತೀರ್ಣಗೊಳಿಸಿತು. ಕಳ್ಳನು ತಪ್ಪಿಸಿಕೊಳ್ಳುವುದು ಒಂದು ಕೇಡಾದರೆ, ಪ್ರಾಮಾಣಿಕನು ಕಳ್ಳನೆನ್ನಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕೇಡು.

ಹುಡುಗರು ಹೀಗೇಕೆ ಮಾಡುತ್ತಾರೆ ಎಂಬುದನ್ನೂ ಸಹಾನುಭೂತಿಯಿಂದ ನೋಡಬೇಕು. ಬೆಳಗಿನ ಗಾಡಿಯಲ್ಲಿ ನೇತಾಡುತ್ತ ಕಾಲೇಜು, ಮಧ್ಯಾಹ್ನ ಸಣ್ಣದೊಂದು ನೌಕರಿ, ಸಂಜೆ ಕ್ಲಾಸು. ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಬೀದಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು. ತನ್ನ ಇಂಗ್ಲಿಷು ಸಾಲದೆಂಬ ಅಂಜಿಕೆಯಿಂದ ಯಂತ್ರದ ಇಂಗ್ಲಿಷಿಗೆ ಶರಣಾಗುವವರೇ ಬಹಳ. ನೂರಾರು ಬ್ಲ್ಯಾಕ್ ಬುಕ್ಕುಗಳನ್ನು ಒಂದೇ ವಾರದಲ್ಲಿ ನೋಡಬೇಕಾದ ಅಧ್ಯಾಪಕರು ರಟ್ಟನ್ನು ನೋಡಿಯೇ ಅಂಕ ಕೊಟ್ಟರೆ ಆಶ್ಚರ್ಯವಿಲ್ಲ. ಕೊಂಡು ತಂದ ಪುಸ್ತಕಕ್ಕೆ ಹೆಚ್ಚು ಅಂಕ ಬಂದು, ಬಿಸಿಲಿನಲ್ಲಿ ಅಲೆದು ತಾನೇ ಬರೆದವಳಿಗೆ ಕಡಮೆ ಬಂದಾಗ, ಮುಂದಿನ ವರ್ಷ ಅವಳ ತಂಗಿ ಯಾವ ದಾರಿ ಹಿಡಿದಾಳು? ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆ ಇಲ್ಲಿ ತಿರುಗಿ ಕುಟುಕುತ್ತದೆ. ಮೇಲಾಗಿ ಅಂಗಡಿಯವನಿಗೆ ಹಣ ಕೊಡುವವರು ಅನೇಕ ವೇಳೆ ತಂದೆತಾಯಿಯರೇ.

ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮ್ಮಂತಹ ಗುಮಾಸ್ತರಿಗೆ ನಕಲು ಎಂದರೆ ಬೈಗುಳವಲ್ಲ. ದಿನಬೆಳಗಾದರೆ ನಕಲುಗಳನ್ನೇ ನಾವು ಕೈಯಾಡಿಸುವುದು. ಆದರೆ ಪ್ರತಿಯೊಂದು ನಕಲಿನ ಮೇಲೆಯೂ ‘ಸತ್ಯಪ್ರತಿ’ ಎಂಬ ಮುದ್ರೆ ಬೇಕು. ಮೂಲ ಯಾವುದು, ಯಾರದು ಎಂಬುದು ತಿಳಿಯಬೇಕು. ತಾನು ನಕಲೆಂದು ಹೇಳಿಕೊಳ್ಳುವ ನಕಲು ಮರ್ಯಾದಸ್ಥ. ತಾನೇ ಮೂಲವೆಂದು ಹೇಳುವ ನಕಲು ಖೋಟಾ. ವಿದ್ಯೆಯಲ್ಲಿಯೂ ನಿಯಮ ಇಷ್ಟೇ. ಅಂತರ್ಜಾಲದಲ್ಲಿ ಓದಬೇಡಿರೆಂದು ಯಾರೂ ಹೇಳುವುದಿಲ್ಲ. ಹಿಂದೆ ದೊಡ್ಡ ಗ್ರಂಥಾಲಯಗಳಿಗೆ ಅಲೆದರೂ ಸಿಗದ ಪುಸ್ತಕಗಳು ಇಂದು ಕಲ್ಯಾಣದ ಹುಡುಗಿಯ ಅಂಗೈಗೆ ಬರುತ್ತವೆ. ದೇಶದ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಎಲ್ಲರಿಗೂ ತೆರೆದಿವೆ. ಓದಲಿ, ಎತ್ತಿಕೊಳ್ಳಲಿ, ಇದು ಇಂತಹವರದು ಎಂದು ಹೇಳಲಿ. ಹೇಳಿ ಪಡೆದುದು ಎರವಲು, ಹೇಳದೆ ಪಡೆದುದು ಕಳವು.

ಈ ಮಾತು ನಮ್ಮವರಿಗೆ ಏತಕ್ಕೆ ಹೆಚ್ಚು ಮುಖ್ಯ? ಊರಿನ ಗದ್ದೆ ತೋಟಗಳನ್ನು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು. ಅವರು ಮೆಟ್ರಿಕ್ ಪಾಸಾದರೆಂದರೆ ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಪರಸ್ಥಳದಲ್ಲಿ ನೆಲವಿಲ್ಲದವನಿಗೆ ವಿದ್ಯೆಯೇ ನೆಲ. ಅಂತಹ ನೆಲವನ್ನೇ ಖೋಟಾ ಕಾಗದದ ಮೇಲೆ ಬರೆಸಿಕೊಂಡರೆ, ಮೊದಲ ಸಂದರ್ಶನದಲ್ಲಿಯೇ ಅದು ಕಾಲಡಿಯಿಂದ ಜಾರುತ್ತದೆ. “ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಕಂಡುಕೊಂಡಿರಿ?” ಎಂಬ ಸಾದಾ ಪ್ರಶ್ನೆಗೆ ತಬ್ಬಿಬ್ಬಾಗುವ ಪದವೀಧರನಿಗೆ ಬಂಗಾರದ ಅಕ್ಷರಗಳು ಯಾವ ನೆರವನ್ನೂ ನೀಡವು.

ಪರಿಹಾರವೇನು? ಕಾಲೇಜುಗಳು ಬರಹಕ್ಕೆ ಕೊಡುವ ಅಂಕಗಳನ್ನು ಕಡಮೆ ಮಾಡಿ ಮೌಖಿಕ ಪರೀಕ್ಷೆಗೆ ಹೆಚ್ಚು ಕೊಡಲಿ. ಸಿದ್ಧ ಪುಸ್ತಕದ ಬದಲು ಕೆಲಸ ನಡೆದ ವಾರವಾರದ ಟಿಪ್ಪಣಿಗಳನ್ನು ನೋಡಲಿ. ಅದು ಅವರ ಕೆಲಸ. ಅಷ್ಟರವರೆಗೆ ಕೈಕಟ್ಟಿ ಕುಳ್ಳಿರಬೇಕಾಗಿಲ್ಲ. ನಮ್ಮ ಕೈಯಲ್ಲಿಯೇ ಒಂದು ಉಪಾಯವಿದೆ. ಬ್ಲ್ಯಾಕ್ ಬುಕ್ಕು ರಟ್ಟು ಕಾಣುವ ಮೊದಲು, ಒಂದು ಭಾನುವಾರ ಊಟದ ಹೊತ್ತಿಗೆ, “ಮಗಾ, ಏನು ಬರೆದಿದ್ದೀ, ಅಜ್ಜಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳು ನೋಡೋಣ” ಎಂದು ಕೇಳಿರಿ. ತಾನು ಅರಿತು ಬರೆದವನು ತಡವರಿಸಿಯಾದರೂ ಹೇಳಿಯೇ ಹೇಳುತ್ತಾನೆ. ಬರೆದುದು ತನ್ನದಲ್ಲದಿದ್ದರೆ ಇಂಗ್ಲಿಷಿನ ನಾಲ್ಕು ದೊಡ್ಡ ಪದಗಳಾದ ಮೇಲೆ ಮಾತು ನಿಂತುಹೋಗುತ್ತದೆ. ತಾಯಿ ಶಾಲೆಯ ಮುಖ ನೋಡದವಳಾದರೂ ಈ ಪರೀಕ್ಷೆಗೆ ಆಕೆ ಸಾಕು. ಇದರಿಂದ ಕನ್ನಡವೂ ಮನೆಯಲ್ಲಿ ಉಳಿದೀತೆಂಬುದು ಬೇರೆ ಲಾಭ.

ಸಂಘದ ಹಿರಿಯರಲ್ಲಿಯೂ ನಮ್ಮದೊಂದು ಸೂಚನೆ. ಹೆಚ್ಚು ಅಂಕ ಪಡೆದವರನ್ನು ವರ್ಷವರ್ಷವೂ ಸನ್ಮಾನಿಸುತ್ತೇವೆ, ಅದು ನಡೆಯಲಿ. ಅದರ ಜೊತೆಗೆ ತಮ್ಮ ಪ್ರಾಜೆಕ್ಟನ್ನು ಸಭೆಯ ಮುಂದೆ ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿದ್ಯಾರ್ಥಿಗಳಿಗೂ ಒಂದು ಬಹುಮಾನವಿರಲಿ. ಅಂತರ್ಜಾಲವು ಇಲ್ಲವಾಗಿಸಿದ ಸಾಕ್ಷಿಯನ್ನು ಮತ್ತೆ ಒದಗಿಸುವುದು ಮನೆಗೂ ಸಂಘಕ್ಕೂ ಸಾಧ್ಯ. ಮಕ್ಕಳನ್ನು ಹಿಡಿದು ಶಿಕ್ಷಿಸುವ ಪೋಲೀಸರು ನಾವಾಗುವುದು ಬೇಡ. ಅವರು ದುಡಿದುದನ್ನು ಕೇಳುವ ಕಿವಿಗಳಾದರೆ ಸಾಕು. ಕೇಳುವವರಿದ್ದಾರೆಂದು ತಿಳಿದ ಮಗು ಹೇಳಲು ಏನಾದರೂ ಗಳಿಸಿಯೇ ಬರುತ್ತದೆ.